ಜಾಲಿ ಇದ್ದಿಲು, ಅರ್ಧ ಡ್ರಮ್ಮು, ಕುರಿಯ ದಸ್ತಿ: ಮಾಳಿಗೆ ಮೇಲಿನ ನನ್ನ ಬಾರ್ಬೆಕ್ಯೂ

ಬಾರ್ಬೆಕ್ಯೂ ಮಾಡ್ತೀನಿ ಅಂದರೆ ಸಾಕು, ಜನ ಮೊದಲು ಕೇಳುವುದು "ಯಾವ ಮಷೀನ್ ತಗೊಂಡ್ರಿ?" ಅಂತ. ಮಷೀನ್ ತಗೊಂಡಿಲ್ಲ. ಕಲಬುರಗಿಯಲ್ಲಿ ವೆಲ್ಡಿಂಗ್ ಅಂಗಡಿಗೆ ಬರವಿಲ್ಲ, ಜಾಲಿ ಇದ್ದಿಲಿಗೆ ಬರವಿಲ್ಲ, ಒಳ್ಳೆ ಕುರಿ ಮಾಂಸಕ್ಕಂತೂ ಕೇಳುವುದೇ ಬೇಡ. ಬೇಕಾದದ್ದು ಒಂದೇ: ಬೆಂಕಿಗೆ ಎಷ್ಟು ಗಾಳಿ ಬಿಡಬೇಕು ಅನ್ನುವ ಅಂದಾಜು. ಅದು ಕೈಗೆ ಹತ್ತಿದರೆ ಮಸಾಲೆ, ಮಾಂಸ, ಹೊತ್ತು ಎಲ್ಲ ಆಮೇಲೆ ತಾನಾಗಿ ಕೂಡುತ್ತವೆ.

ಈ ಅಂದಾಜನ್ನು ನಾನು ವಿಡಿಯೋ ನೋಡಿ ಕಲಿಯಲಿಲ್ಲ. ರಂಜಾನ್ ಸಂಜೆ ದರ್ಗಾ ಕಡೆ ಹೋದರೆ ಸೀಕ್ ಕಬಾಬ್ ಮಾಡುವವರು ಸಾಲಾಗಿ ನಿಂತಿರುತ್ತಾರೆ. ಉದ್ದನೆಯ ಕಬ್ಬಿಣದ ಶೆಗಡಿ, ಅಂಚಿನ ಮೇಲೆ ಸೀಕು, ಕೈಯಲ್ಲಿ ಬೀಸಣಿಗೆ. ಒಬ್ಬರ ಪಕ್ಕ ಸುಮ್ನೆ ನಿಂತು ನೋಡಿ. ಸೀಕು ಏರಿಸಿದ ಮೇಲೆ ಅವರು ಇದ್ದಿಲು ಹಾಕುವುದಿಲ್ಲ. ಬಿಸಿ ಬೇಕೆನಿಸಿದರೆ ನಾಲ್ಕು ಸಲ ಬೀಸುತ್ತಾರೆ, ಕೆಂಡ ಕೆಂಪಾಗುತ್ತದೆ. ಸಾಕೆನಿಸಿದರೆ ಬೀಸಣಿಗೆ ಕೆಳಗಿಡುತ್ತಾರೆ, ಕೆಂಡದ ಮೇಲೆ ತಾನೇ ಬೂದಿ ಕೂಡುತ್ತದೆ, ಬಿಸಿ ಇಳಿಯುತ್ತದೆ. ಗ್ಯಾಸ್ ಒಲೆಯ ಗುಂಡಿ ತಿರುಗಿಸುವ ಕೆಲಸವನ್ನೆಲ್ಲ ಆ ಬೀಸಣಿಗೆಯೇ ಮಾಡುತ್ತದೆ. ನನ್ನ ಡ್ರಮ್ಮಿನಲ್ಲಿ ಬೀಸಣಿಗೆ ಬದಲು ಗಾಳಿ ಕಿಂಡಿಗಳಿವೆ, ಅಷ್ಟೇ ಫರಕು.

ಡ್ರಮ್ಮು ಗುಜರಿಯಿಂದ ಬಂದದ್ದು, 200 ಲೀಟರಿನದು. ಖಾದ್ಯ ಎಣ್ಣೆ ತುಂಬಿದ್ದ ಡ್ರಮ್ಮೇ ಬೇಕು ಅಂತ ಹಟ ಹಿಡಿದು ತಂದೆ. ಔಷಧಿ, ಕೆಮಿಕಲ್ ತುಂಬಿದ್ದ ಡ್ರಮ್ಮು ಪುಕ್ಕಟೆ ಕೊಟ್ಟರೂ ಬೇಡ. ಅಡ್ಡ ಮಲಗಿಸಿ ಉದ್ದಕ್ಕೆ ಎರಡು ಹೋಳು ಮಾಡಿಸಿ, ಹಿಂದೆ ತಿರುಗಣಿ ಹಾಕಿಸಿ, ಮೇಲಿನದನ್ನು ಮುಚ್ಚಳ ಮಾಡಿಸಿದೆ. ಕೆಳಗಿನ ಹೋಳಿನ ಒಂದು ತುದಿಯಲ್ಲಿ ಎರಡು ಕಿಂಡಿ, ಅವನ್ನು ಬೇಕಾದಷ್ಟು ಮುಚ್ಚಲು ಜಾರುವ ತಗಡು. ಮುಚ್ಚಳದ ಇನ್ನೊಂದು ತುದಿಯಲ್ಲಿ ಹೊಗೆ ಹೋಗಲು ಒಂದು ಕೊಳವೆ. ಗಾಳಿ ಒಂದು ತುದಿಯಿಂದ ಬಂದು ಮಾಂಸ ದಾಟಿ ಇನ್ನೊಂದು ತುದಿಯಿಂದ ಹೋಗಬೇಕು. ಮಾಂಸ ಇಡುವ ಮೊದಲು ಒಮ್ಮೆ ಬರೀ ಕಟ್ಟಿಗೆ ಹಾಕಿ ದೊಡ್ಡ ಬೆಂಕಿ ಮಾಡಿ ಬಣ್ಣ, ಜಿಡ್ಡು ಎಲ್ಲ ಸುಟ್ಟೆ. ಜಾಲರಿ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಬೇಲಿಗೆ ಹಾಕುವ ಬೆಳ್ಳಗೆ ಹೊಳೆಯುವ ತಂತಿ ಜಾಲರಿಗೆ ಸತುವಿನ ಲೇಪ ಇರುತ್ತದೆ, ಜಾಸ್ತಿ ಕಾದರೆ ಅದರ ಹೊಗೆ ಆರೋಗ್ಯಕ್ಕೆ ಕೆಟ್ಟದ್ದು. ಬರೀ ಕಬ್ಬಿಣದ ಸಲಾಕೆ ಇಲ್ಲವೇ ಸ್ಟೀಲಿನದೇ ಇರಲಿ.

ನಮ್ಮ ಕಡೆ ಇನ್ನೊಂದು ಎಚ್ಚರ ಬೇಕು. ಮಾಳಿಗೆಗೆ, ಅಂಗಳಕ್ಕೆ ಎಲ್ಲೆಲ್ಲೂ ಶಹಾಬಾದ್ ಕಲ್ಲು ಹಾಸಿರುತ್ತೇವೆ ಅಲ್ವಾ? ಅದು ಸುಣ್ಣಕಲ್ಲಿನ ಜಾತಿ. ತೇವ ಕುಡಿದ ಕಲ್ಲು ಏಕಾಏಕಿ ಕಾದರೆ ಬಿರುಕು ಬಿಡುತ್ತದೆ, ಚಕ್ಕೆ ಸಿಡಿಯುವುದೂ ಉಂಟು. ಅದಕ್ಕೇ ಡ್ರಮ್ಮಿಗೆ ಮೊಣಕಾಲೆತ್ತರದ ಕಾಲು ಹಾಕಿಸಿ, ಕೆಳಗೆ ಉಸುಕು ಹರಡಿ, ಮೇಲೆ ಇಟ್ಟಿಗೆ ಜೋಡಿಸಿದ್ದೇನೆ.

ಇದ್ದಿಲಿಗೆ ನನ್ನ ಓಟು ಬಳ್ಳಾರಿ ಜಾಲಿಗೆ. ಹೊಲದವರಿಗೆ ಅದರ ಹೆಸರು ಎತ್ತಿದರೆ ಸಿಟ್ಟು, ಒಮ್ಮೆ ಬೇರು ಬಿಟ್ಟರೆ ಹೊಲ ಬಿಟ್ಟು ಹೋಗದ ಗಿಡ. ಆದರೆ ಇದ್ದಿಲಾದಾಗ ಬಂಗಾರ. ಅಮೆರಿಕದ ಟೆಕ್ಸಾಸಿನವರು ಮಾಂಸ ಸುಡಲು ಬಳಸುವ ಮೆಸ್ಕೀಟ್ ಕಟ್ಟಿಗೆ ಇದರದ್ದೇ ಕುಲದ್ದು. ಅವರು ಪ್ಯಾಕೆಟ್ ಕಟ್ಟಿ ಮಾರುವುದು ನಮ್ಮಲ್ಲಿ ರಸ್ತೆ ಬದಿಗೆ ಬೆಳೆದು ನಿಂತಿದೆ. ಕೊಳ್ಳುವಾಗ ಎರಡು ತುಂಡು ಒಂದಕ್ಕೊಂದು ಬಡಿದು ನೋಡುತ್ತೇನೆ. ಟಣ್ ಅಂದರೆ ಸರಿಯಾಗಿ ಸುಟ್ಟಿದೆ. ಒಳಗೆ ಕಂದು ಬಣ್ಣ ಕಂಡರೆ ಅರೆಬೆಂದದ್ದು, ಕಣ್ಣುರಿ ಬರಿಸುವ ಹೊಗೆ ಏಳುತ್ತದೆ. ಮಳೆಗಾಲದಲ್ಲಿ ಇದ್ದಿಲು ತೇವ ಎಳೆದುಕೊಳ್ಳುತ್ತದೆ, ಹಾಗಾಗಿ ಮುಚ್ಚಳ ಇರುವ ಡಬ್ಬಿಯಲ್ಲಿ ಇಡಬೇಕು.

ಹೊತ್ತಿಸಲು ಸೀಮೆಎಣ್ಣೆ, ಪೆಟ್ರೋಲ್ ಎರಡೂ ಬೇಡ. ಒಂದು ಅಪಾಯ, ಎರಡನೆಯದು ವಾಸನೆ, ಕೊನೆಯ ತುತ್ತಿನ ತನಕ ಬಿಡುವುದಿಲ್ಲ. 15 ಲೀಟರಿನ ಎಣ್ಣೆ ಡಬ್ಬಿಯ ಮೇಲ್ಭಾಗ, ತಳ ಎರಡನ್ನೂ ಕತ್ತರಿಸಿ, ಕೆಳಗಿನ ಅಂಚಿನಿಂದ ನಾಲ್ಕು ಬೆರಳು ಮೇಲೆ ಸಲಾಕೆ ತೂರಿಸಿ, ಅದರ ಕೆಳಗೆ ತೂತು ಹೊಡೆದರೆ ಹೊತ್ತಿಸುವ ಡಬ್ಬಿ ಆಯಿತು. ಮೇಲೆ ಇದ್ದಿಲು, ಕೆಳಗೆ ಒಂದು ಹಿಡಿ ಒಣ ತೊಗರಿ ಕಟ್ಟಿಗೆ, ಒಂದು ಚೂರು ಕುಳ್ಳು. ಗಾಳಿ ಕೆಳಗಿನಿಂದ ತಾನೇ ಮೇಲೇರುತ್ತದೆ, 15–20 ನಿಮಿಷದಲ್ಲಿ ಮೇಲಿನ ತುಂಡಿಗೂ ಬೂದಿ ಹಿಡಿಯುತ್ತದೆ. ಅಲ್ಲಿಯ ತನಕ ಮಾಂಸ ಹತ್ತಿರ ತರಬೇಡಿ. ತೊಗರಿ ಕಟ್ಟಿಗೆಯ ಕೆಲಸ ಹೊತ್ತಿಸುವ ತನಕ ಮಾತ್ರ. ಅದರ ಹೊಗೆಯಲ್ಲೇ ಮಾಂಸ ಇಟ್ಟರೆ ಒಗರು.

ಶುರು ಮಾಡುವವರು ಕೋಳಿಯಿಂದಲೇ ಶುರು ಮಾಡಿ, ಅದೂ ತೊಡೆ ಭಾಗ. ಎದೆ ಭಾಗ ಕಣ್ಣು ಮಿಟುಕಿಸುವುದರೊಳಗೆ ಒಣಗುತ್ತದೆ. ಜವಾರಿ ಕೋಳಿ ಬೇಡ, ಅದು ಸಾರಿಗೇ ಚೆಂದ. ಕೆಂಡವನ್ನೆಲ್ಲ ಡ್ರಮ್ಮಿನ ಒಂದು ಬದಿಗೆ ಗುಡ್ಡೆ ಹಾಕಿ, ಇನ್ನೊಂದು ಬದಿ ಖಾಲಿ ಬಿಡುತ್ತೇನೆ. ಕೋಳಿಯನ್ನು ಮೊದಲು ಖಾಲಿ ಬದಿಗೆ ಇಟ್ಟು ಮುಚ್ಚಳ ಮುಚ್ಚಿ ಬೇಯಿಸುತ್ತೇನೆ. ಕೊನೆಗೆ ಎರಡು ಮೂರು ನಿಮಿಷ ಕೆಂಡದ ಮೇಲೆ ತಂದು ಬಣ್ಣ ಹಿಡಿಸುತ್ತೇನೆ. ನಮ್ಮ ಮಸಾಲಿ ಖಾರ ಹಚ್ಚಿದ ಮಾಂಸವನ್ನು ಮೊದಲೇ ಕೆಂಡದ ಮೇಲಿಟ್ಟರೆ ಖಾರ ಸೀದು ಕಹಿಯಾಗುತ್ತದೆ, ಒಳಗೆ ಎಲುಬಿನ ಹತ್ತಿರ ಕೆಂಪು ನೀರು ಹಾಗೇ ಇರುತ್ತದೆ. ಕೆಂಡದ ಬಿಸಿ ನೋಡಲು, ಕೆಂಡ ಜಾಲರಿಯಿಂದ ಒಂದು ಗೇಣು ಕೆಳಗಿರುವಾಗ, ಜಾಲರಿಯ ಮೇಲೆ ತಾಗದಂತೆ ಅಂಗೈ ಹಿಡಿಯಿರಿ. ಎರಡು ಎಣಿಸುವುದರೊಳಗೆ ಕೈ ಎಳೆದುಕೊಂಡರೆ ಬಣ್ಣ ಹಿಡಿಸುವ ಬಿಸಿ, ಐದಾರು ಎಣಿಸಿದರೆ ಬೇಯಿಸುವ ಬಿಸಿ. ಕೋಳಿ ಬೆಂದಿದೆಯೋ ಇಲ್ಲವೋ ಅನ್ನುವುದಕ್ಕೆ ಮಾತ್ರ ಅಂದಾಜು ನಂಬಬೇಡಿ. ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ತಗೊಳ್ಳಿ, ದಪ್ಪನೆಯ ಜಾಗದಲ್ಲಿ ಎಲುಬಿಗೆ ತಾಗದಂತೆ ಚುಚ್ಚಿದಾಗ 74 ಡಿಗ್ರಿ ತೋರಿಸಬೇಕು. ನನ್ನ ಬಾರ್ಬೆಕ್ಯೂ ಸಾಮಾನಿನಲ್ಲಿ ಅಂಗಡಿಯಿಂದ ಕೊಂಡ ಒಂದೇ ವಸ್ತು ಅದು.

ಇನ್ನು ನನ್ನ ಇಷ್ಟದ ವಿಷಯ, ನಿಧಾನದ ಅಡುಗೆ.

ಮಾಂಸದ ಅಂಗಡಿಯಲ್ಲೇ ಒಂದು ಜಗ್ಗಾಟ ಇರುತ್ತದೆ. ಇಲ್ಲಿ ಕೇಳುವ ಮೊದಲೇ ಚಿಕ್ಕ ಚಿಕ್ಕ ತುಂಡು ಮಾಡಿಬಿಡುತ್ತಾರೆ.

"ಕಡಿಬ್ಯಾಡ್ರಿ ಚಾಚಾ, ದಸ್ತಿ ಇಡೀದೇ ಕೊಡ್ರಿ."

"ಇಡೀದು ಒಯ್ದು ಏನ್ ಮಾಡ್ತಿ ಬೇಟಾ? ಕುಕ್ಕರ್‌ನ್ಯಾಗ ಹಿಡ್ಯೋದಿಲ್ಲ."

"ಕುಕ್ಕರ್‌ಗಲ್ಲ, ಇದ್ದಲಿ ಮ್ಯಾಲ, ಆರು ತಾಸು."

ಚಾಚಾ ನಕ್ಕರು, ಆದರೆ ಒಳ್ಳೆಯದೊಂದು ಹುಡುಕಿ ತೆಗೆದರು. ಮೇಲೆ ತೆಳ್ಳಗೆ ಕೊಬ್ಬಿನ ಪೊರೆ ಇದ್ದದ್ದು, ಅದನ್ನು ಕೆತ್ತದೆ ಹಾಗೇ ಕೊಟ್ಟರು. ಎರಡು ಕಿಲೋ ಹತ್ತಿರದ ದಸ್ತಿ, ಅಂದರೆ ಮುಂಗಾಲು ಭುಜ ಸಮೇತ. ನಡೆದಾಡಿ ಗಟ್ಟಿಯಾದ ಭಾಗ, ನಾರು ಜಾಸ್ತಿ. ನಿಧಾನಕ್ಕೆ ಅದೇ ಬೇಕು. ಆಡಿಗಿಂತ ಕುರಿ ಒಳ್ಳೆಯದು, ಕೊಬ್ಬು ಸ್ವಲ್ಪ ಹೆಚ್ಚು. ಚಾಂಪ್, ಅಂದರೆ ಪಕ್ಕೆಲುಬಿನ ತುಂಡು, ತಂದು ಆರು ತಾಸು ಇಟ್ಟರೆ ಕಟ್ಟಿಗೆಯೇ ಆಗುತ್ತದೆ, ಅದನ್ನು ಜೋರು ಕೆಂಡದ ಮೇಲೆ ಬೇಗ ಮಾಡಿ ಮುಗಿಸಿ.

ಹಿಂದಿನ ರಾತ್ರಿ ಕಿಲೋಗೆ 15 ಗ್ರಾಂ ಲೆಕ್ಕದಲ್ಲಿ ಉಪ್ಪು ಹಚ್ಚಿ ಫ್ರಿಜ್‌ನಲ್ಲಿ ಇಡುತ್ತೇನೆ. ಬೆಳಗ್ಗೆ ಕರಿಮೆಣಸು, ಕೊತ್ತಂಬರಿ ಕಾಳು, ಜೀರಿಗೆ ಕುಟ್ಟಿ, ಬೆಳ್ಳುಳ್ಳಿ ಅರೆದು, ಕುಸುಬಿ ಎಣ್ಣೆಯಲ್ಲಿ ಕಲಸಿ ಹಚ್ಚುವುದು. ಪಪ್ಪಾಯಿ ಕಾಯಿ ಹಾಕಲೇ ಅಂತ ಬಹಳ ಜನ ಕೇಳುತ್ತಾರೆ. ಬೇಗ ಸುಡುವ ಕಬಾಬಿಗೆ ಅದು ಸರಿ. ಇಲ್ಲಿ ಹೊತ್ತೇ ಮಾಂಸವನ್ನು ಮೆತ್ತಗೆ ಮಾಡುತ್ತದೆ, ಪಪ್ಪಾಯಿಯೂ ಸೇರಿದರೆ ಮೇಲ್ಭಾಗ ಹಿಟ್ಟು ಹಿಟ್ಟಾಗುತ್ತದೆ.

ಡ್ರಮ್ಮಿನಲ್ಲಿ ಹೊತ್ತದ ಇದ್ದಿಲನ್ನು ಕಿಂಡಿ ಇರುವ ತುದಿಯಲ್ಲಿ ಒತ್ತೊತ್ತಾಗಿ ಜೋಡಿಸಿ, ಸಂದಿಗಳಿಗೆ ಚೂರು ತುಂಬಿ, ಒಂದು ಬದಿಯಿಂದ ಐದಾರು ಕೆಂಡ ಮಾತ್ರ ಇಡುತ್ತೇನೆ. ಬೆಂಕಿ ಒಂದರಿಂದ ಒಂದಕ್ಕೆ ತೆವಳುತ್ತಾ ಹೋಗುತ್ತದೆ, ಪದೇ ಪದೇ ಇದ್ದಿಲು ಹಾಕುವ ಗೋಜಿಲ್ಲ. ಮಾಂಸ ಇನ್ನೊಂದು ತುದಿಗೆ, ಅದರ ಕೆಳಗೆ ಉಳ್ಳಾಗಡ್ಡಿ ಹಾಕಿದ ನೀರಿನ ತಟ್ಟೆ. ತೊಟ್ಟಿಕ್ಕುವ ಕೊಬ್ಬು ಅದರಲ್ಲಿ ಬೀಳುತ್ತದೆ, ಭಗ್ಗನೆ ಹೊತ್ತಿಕೊಳ್ಳುವುದಿಲ್ಲ. ಒಳಗಿನ ಹವೆ 110ರಿಂದ 130 ಡಿಗ್ರಿ ಇದ್ದರೆ ಸರಿ. ಏರಿದರೆ ಕೆಳಗಿನ ಕಿಂಡಿ ಅರ್ಧ ಮುಚ್ಚಿ, ಇಳಿದರೆ ಸ್ವಲ್ಪ ತೆರೆಯಿರಿ, ಹತ್ತು ನಿಮಿಷ ಕಾಯಿರಿ. ಮೇಲಿನ ಕೊಳವೆಯನ್ನು ಮಾತ್ರ ಪೂರ್ತಿ ಮುಚ್ಚಬಾರದು, ಹೊಗೆ ಒಳಗೇ ನಿಂತು ಮಾಂಸಕ್ಕೆ ಮಸಿ ರುಚಿ ಬರುತ್ತದೆ. ಹೊಗೆ ದಪ್ಪಗೆ ಬೆಳ್ಳಗೆ ಬರುತ್ತಿದ್ದರೆ ಬೆಂಕಿಗೆ ಉಸಿರು ಸಾಲುತ್ತಿಲ್ಲ ಅಂತ ತಿಳಿಯಿರಿ. ಕಂಡೂ ಕಾಣದ ಹಾಗೆ ತೆಳ್ಳಗೆ, ತುಸು ನೀಲಿಯಾಗಿ ಬರಬೇಕು. ಮತ್ತೆ ಮುಚ್ಚಳ ಸುಮ್ಮಸುಮ್ಮನೆ ತೆರೆದು ನೋಡುವ ಚಪಲ ಬಿಡಿ.

ಮೂರು ತಾಸಿನ ಸುಮಾರಿಗೆ ಒಂದು ತಮಾಷೆ ನಡೆಯುತ್ತದೆ. ಮಾಂಸದ ಒಳಗಿನ ಬಿಸಿ 65–70 ಡಿಗ್ರಿ ತನಕ ಏರಿ, ಅಲ್ಲೇ ಕೂತುಬಿಡುತ್ತದೆ. ಬೆಂಕಿ ಸರಿಯಿದೆ, ಇದ್ದಿಲು ಇದೆ, ಆದರೂ ಮುಳ್ಳು ಅಲುಗದು. ಹೊಸಬರು ಇಲ್ಲಿ ಗಾಬರಿಯಾಗಿ ಕೆಂಡ ಸುರಿಯುತ್ತಾರೆ. ಅದು ಬೇಕಿಲ್ಲ. ಬೇಸಿಗೆಯಲ್ಲಿ ಮಣ್ಣಿನ ಗಡಿಗೆ ಬೆವರಿ ನೀರು ತಂಪಾಗುವ ಹಾಗೆ, ಮಾಂಸವೂ ಬೆವರಿ ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತಿರುತ್ತದೆ. ಆ ಬೆವರು ಹಾರದಂತೆ ಮುಚ್ಚಿದರೆ ಬಿಸಿ ಮತ್ತೆ ಏರುತ್ತದೆ.

ಅಮೆರಿಕದವರ ವಿಧಾನ ಮತ್ತು ನನ್ನ ವಿಧಾನ ಇಲ್ಲಿ ಬೇರೆಯಾಗುತ್ತವೆ. ಅವರ ಲೆಕ್ಕವೆಲ್ಲ ಹಂದಿಯ ಭುಜ, ದನದ ಎದೆ ಭಾಗದ್ದು. ಅವುಗಳ ಒಳಗೇ ಕೊಬ್ಬಿನ ಪದರ ಇರುತ್ತದೆ, ಹತ್ತು ಹನ್ನೆರಡು ತಾಸು ಬಯಲಲ್ಲಿ ಬೆಂದರೂ ತಡೆಯುತ್ತವೆ. ನಮ್ಮ ಬಿಸಿಲಲ್ಲಿ ಮೇಯ್ದ ಕುರಿಗೆ ಅಷ್ಟು ಕೊಬ್ಬೆಲ್ಲಿ? ಹಾಗಾಗಿ ಅವರು ಹೇಳಿದಷ್ಟು ಹೊತ್ತು ಹಾಗೇ ಬಿಡಬಾರದು. ಬಣ್ಣ ಬಂದ ಕೂಡಲೇ ದಸ್ತಿಯನ್ನು ದಪ್ಪ ತಳದ ಪಾತ್ರೆಗೆ ಹಾಕಿ, ಕೆಳಗಿನ ತಟ್ಟೆಯ ರಸ ಒಂದು ಬಟ್ಟಲು ಸುರಿದು, ಮುಚ್ಚಳದ ಸುತ್ತ ಗೋಧಿ ಹಿಟ್ಟು ಮೆತ್ತಿ ಅದೇ ಡ್ರಮ್ಮಿನೊಳಗೆ ಇಡುತ್ತೇನೆ. ದಮ್ ಅಂದರೆ ಇದೇ ಅಲ್ವಾ! ಬಿರ್ಯಾನಿ ದೇಗಿಗೆ ಮಾಡುವುದನ್ನೇ ಇಲ್ಲಿ ಮಾಡಿದೆ. ಫಾಯಿಲ್ ಸುತ್ತಿದರೂ ಆಗುತ್ತದೆ, ಆದರೆ ಎಲುಬು ಚುಚ್ಚಿ ಹರಿಯುತ್ತದೆ, ರಸ ಬೆಂಕಿ ಪಾಲು. ಹೊಗೆಯ ರುಚಿ ಮೊದಲ ಮೂರು ತಾಸಿನಲ್ಲೇ ಬಂದಿರುತ್ತದೆ, ಮುಚ್ಚಿದ್ದರಿಂದ ಏನೂ ಕಳೆದುಕೊಳ್ಳುವುದಿಲ್ಲ.

ಇನ್ನೆರಡು ಮೂರು ತಾಸು. ನಾರು ಕರಗಿ ಅಂಟಂಟಾದ ರಸವಾಗಲು ಹೊತ್ತು ಬೇಕೇ ಬೇಕು, ಜೋರು ಮಾಡಿ ಗೆಲ್ಲಲಾಗದು. ಒಳಗೆ 93–95 ಡಿಗ್ರಿ ಬಂದಾಗ ಭುಜದ ಎಲುಬು ಹಿಡಿದು ತಿರುವಿದರೆ ಸಡಿಲಾಗಿ ತಿರುಗುತ್ತದೆ, ಎಳೆದರೆ ಒಂದು ಎಳೆ ಮಾಂಸವೂ ಅಂಟದೆ ಬಿಳಿಯಾಗಿ ಕೈಗೆ ಬರುತ್ತದೆ. ಮುಚ್ಚಿಟ್ಟೇ ಅರ್ಧ ತಾಸು ಬಿಟ್ಟು, ಆಮೇಲೆ ಬಿಡಿಸಿ. ಜೊತೆಗೆ ಸಿಹಿ ಸಾಸು, ಬನ್ನು ಏನೂ ಬೇಡ. ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹಸಿ ಮೆಂತ್ಯ ಪಲ್ಲೆ, ನಿಂಬೆಹಣ್ಣು. ದಮ್ ರಸಕ್ಕೆ ರೊಟ್ಟಿ ಮುರಿದು ಹಾಕಿ ತಿಂದರೆ ಮಾಂಸ ಪಕ್ಕಕ್ಕೇ ಉಳಿಯುವುದೂ ಉಂಟು.

ಕಾಲ ನೋಡಿ ಮಾಡಿ. ಡಿಸೆಂಬರ್, ಜನವರಿ ಹೇಳಿ ಮಾಡಿಸಿದ ತಿಂಗಳು. ಮೇ ತಿಂಗಳಲ್ಲಿ 42–43 ಡಿಗ್ರಿ ಬಿಸಿಲಿಗೆ ಡ್ರಮ್ಮಿನ ಮುಂದೆ ನಿಲ್ಲುವುದು ಶಿಕ್ಷೆ, ಬಿಸಿಗಾಳಿಗೆ ಕಿಡಿ ಎಲ್ಲಿಗೆ ಹಾರುತ್ತದೋ ಗೊತ್ತಾಗದು. ಹವೆ 32 ಡಿಗ್ರಿ ದಾಟಿದ್ದರೆ ಹಸಿ ಮಾಂಸ ಒಂದು ತಾಸಿಗಿಂತ ಜಾಸ್ತಿ ಫ್ರಿಜ್ ಹೊರಗೆ ಇರಬಾರದು. ಶ್ರಾವಣದಲ್ಲಿ ನಾನು ಹೊತ್ತಿಸುವುದಿಲ್ಲ. ಪಕ್ಕದ ಮನೆಯವರು ಮಾಂಸ ಮುಟ್ಟದವರು, ಅವರ ಮನೆ ಪೂಜೆಗೆ ನನ್ನ ಹೊಗೆ ಯಾಕೆ? ಉಳಿದ ದಿನ ಅಲ್ಲಿಯ ಅಜ್ಜಿಯದು ಒಂದೇ ಷರತ್ತು: "ಹೊಗಿ ಹಾಕೂ ಮುಂಚೆ ಒಂದ್ ಮಾತು ಹೇಳಪ್ಪಾ, ಬಟ್ಟಿ ತಗೀತೀನಿ." ಹೇಳುತ್ತೇನೆ.

ಇದ್ದಿಲನ್ನು ಮನೆಯೊಳಗೆ, ಮೆಟ್ಟಿಲ ಕೋಣೆಯಲ್ಲಿ, ಮುಚ್ಚಿದ ಪಾರ್ಕಿಂಗ್‌ನಲ್ಲಿ ಹೊತ್ತಿಸಲೇಬೇಡಿ. ಮಳೆ ಬಂತು ಅಂತ ಒಳಗೆ ಎಳೆದುಕೊಳ್ಳುವುದೂ ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ತಲೆ ಸುತ್ತುವ ಹೊತ್ತಿಗೆ ಎದ್ದು ಹೋಗುವ ಶಕ್ತಿಯೂ ಇರುವುದಿಲ್ಲ. ಚಳಿ ಅಂತ ಉಳಿದ ಕೆಂಡವನ್ನು ಮಲಗುವ ಕೋಣೆಗೆ ಒಯ್ದು ಜೀವ ಕಳೆದುಕೊಂಡವರಿದ್ದಾರೆ. ಕೆಲಸ ಮುಗಿದ ಮೇಲೆ ಕಿಂಡಿ, ಕೊಳವೆ ಎರಡೂ ಪೂರ್ತಿ ಮುಚ್ಚುತ್ತೇನೆ. ಗಾಳಿ ಸಿಗದೆ ಕೆಂಡ ಸಾಯುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಆಗುತ್ತದೆ. ಬೂದಿ ತೆಗೆಯುವುದು ಮರುದಿನ, ಅದೂ ತಗಡಿನ ಬಕೆಟ್ಟಿಗೆ. ಮೇಲೆ ತಣ್ಣಗೆ ಕಂಡರೂ ಒಳಗೆ ಕೆಂಡ ಇರುತ್ತದೆ, ಪ್ಲಾಸ್ಟಿಕ್ ಬುಟ್ಟಿಗೆ ಸುರಿದೀರಿ ಜೋಕೆ.

ಉಳಿದ ಮಾಂಸವನ್ನು ತವೆ ಮೇಲೆ ಬಿಸಿ ಮಾಡಬೇಡಿ, ಒಣಗುತ್ತದೆ. ದಮ್ ರಸ ಎರಡು ಚಮಚ ಹಾಕಿ ಮುಚ್ಚಿ ಸಣ್ಣ ಉರಿಯಲ್ಲಿ ಇಡಿ. ನಮ್ಮ ಮನೆಯಲ್ಲಿ ಮರುದಿನ ಅದನ್ನು ತಹರಿಗೆ ಹಾಕುತ್ತಾರೆ, ಅನ್ನಕ್ಕೆಲ್ಲ ಹೊಗೆಯ ಘಮ ಹಿಡಿಯುತ್ತದೆ. ಭುಜದ ಎಲುಬನ್ನು ಮಾತ್ರ ಯಾರಿಗೂ ಕೊಡದೆ ಎತ್ತಿಟ್ಟು, ಮೆಣಸು ಕುಟ್ಟಿ ಹಾಕಿ ಸಾರು ಮಾಡುತ್ತೇನೆ.