ಬರ್ಕ್ಲಿ ಅಡ್ಮಿಷನ್ ಟೇಬಲ್ ಇಟ್ಕೊಂಡು ಕೈ-ಸ್ಕ್ವೇರ್ ಟೆಸ್ಟ್ ಮಾಡಿದ್ದು

ಎರಡು ವಿಷಯಕ್ಕೆ ಸಂಬಂಧ ಇದ್ಯಾ ಅಂತ ಎಣಿಕೆಯ ಟೇಬಲ್ ಇಟ್ಕೊಂಡು ನೋಡೋ ಕೈ-ಸ್ಕ್ವೇರ್ ಟೆಸ್ಟ್ ಕಲೀಬೇಕು ಅನ್ನೋರಿಗೆಲ್ಲ ನಾನು ಹೇಳೋದು ಇಷ್ಟೇ, ಸಾಫ್ಟ್‌ವೇರ್ ಆಮೇಲೆ ತೆಗೀರಿ, ಮೊದ್ಲು ಒಂದು ಟೇಬಲನ್ನ ಪೇಪರ್ ಮೇಲೆ ಪೂರ್ತಿ ಮಾಡಿ. ನಾನು ಮಾಡಿದ್ದು ಅಮೆರಿಕದ ಬರ್ಕ್ಲಿ ಯೂನಿವರ್ಸಿಟಿಯ 1973ರ ಪಿಜಿ ಅಡ್ಮಿಷನ್ ಡೇಟಾ ಇಟ್ಕೊಂಡು. ಆರ್ (R) ಅನ್ನೋ ಸ್ಟಾಟಿಸ್ಟಿಕ್ಸ್ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿದ್ರೆ ಅದರ ಜೊತೇಲೇ ಬರುತ್ತೆ, ದೊಡ್ಡ ಆರು ಡಿಪಾರ್ಟ್‌ಮೆಂಟ್‌ಗಳದ್ದು, ಒಟ್ಟು 4526 ಅರ್ಜಿ.

ಹುಡುಗರು 2691 ಜನ ಅರ್ಜಿ ಹಾಕಿದ್ರು, 1198 ಜನಕ್ಕೆ ಸೀಟ್ ಸಿಕ್ತು. ಹುಡುಗೀರು 1835, ಸೀಟ್ ಸಿಕ್ಕಿದ್ದು 557. ಅಂದ್ರೆ 44.5% ಮತ್ತು 30.4%. ಸೀಟ್ ಸಿಗೋದಕ್ಕೂ ಹುಡುಗ-ಹುಡುಗಿ ಅನ್ನೋದಕ್ಕೂ ಸಂಬಂಧ ಇದ್ಯಾ ಇಲ್ವಾ, ಇದೇ ಪ್ರಶ್ನೆ.

ಸಂಬಂಧ ಇಲ್ಲ ಅಂತಲೇ ಇಟ್ಕೊಳ್ಳಿ. ಆಗ ಎಲ್ರಿಗೂ ಒಂದೇ ರೇಟ್ ಇರ್ಬೇಕು, ಒಟ್ಟು ಸೀಟ್ 1755, ಅದನ್ನ 4526ರಿಂದ ಭಾಗಿಸಿದ್ರೆ 38.8%. ಹಾಗಾದ್ರೆ 1835 ಹುಡುಗೀರಲ್ಲಿ ಸುಮಾರು 711.5 ಜನಕ್ಕೆ ಸಿಗ್ಬೇಕಿತ್ತು. ಎಕ್ಸ್‌ಪೆಕ್ಟೆಡ್ ಅನ್ನೋದು ಇದೇನೇ, ಸಾಲಿನ ಮೊತ್ತ ಗುಣಿಸು ಕಾಲಂ ಮೊತ್ತ ಭಾಗಿಸು ಒಟ್ಟು ಅಂತ ಬಾಯಿಪಾಠ ಮಾಡೋ ಸೂತ್ರ ಇಲ್ಲಿಂದಾನೇ ಬರೋದು. ನಿಜವಾಗಿ ಸಿಕ್ಕಿದ್ದು 557, ಅಂದ್ರೆ 154.5 ಕಮ್ಮಿ. ಟೇಬಲ್‌ನ ಉಳಿದ ಮೂರು ಮನೇಲೂ (ಸೀಟ್ ಸಿಗದ ಹುಡುಗೀರು, ಸಿಕ್ಕ ಹುಡುಗರು, ಸಿಗದ ಹುಡುಗರು) ಲೆಕ್ಕ ಹಾಕಿದೆ, ಎಲ್ಲಾ ಕಡೆ ಅದೇ 154.5, ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ಅಷ್ಟೇ, ಯಾಕಂದ್ರೆ ಸಾಲು-ಕಾಲಂಗಳ ಮೊತ್ತ ಬದಲಾಗಲ್ಲ, ಒಂದು ಮನೆ ತುಂಬಿದ್ರೆ ಮಿಕ್ಕಿದ್ದೆಲ್ಲ ತಾನಾಗೇ ಫಿಕ್ಸ್. ಡಿಗ್ರೀಸ್ ಆಫ್ ಫ್ರೀಡಂ (ನಾವಾಗೇ ತುಂಬಬಹುದಾದ ಮನೆಗಳ ಸಂಖ್ಯೆ) 1 ಅಂತ ಯಾಕೆ ಅಂತಾರೆ ಅನ್ನೋದು ನನಗೆ ಗಟ್ಟಿಯಾಗಿ ಕೂತಿದ್ದು ಇಲ್ಲೇ.

ಆಮೇಲೆ ಪ್ರತಿ ವ್ಯತ್ಯಾಸದ ವರ್ಗ ಮಾಡಿ, ಆ ಮನೆಯ ಎಕ್ಸ್‌ಪೆಕ್ಟೆಡ್‌ನಿಂದ ಭಾಗಿಸಿ ಕೂಡಿಸಿದ್ರೆ 92.2 ಬಂತು. 5% ಮಟ್ಟಕ್ಕೆ ಗಡಿ 3.84, ಅಂದ್ರೆ ಸಂಬಂಧ ಇಲ್ದಿದ್ರೆ ಇದನ್ನ ದಾಟೋದು ನೂರಕ್ಕೆ ಸುಮಾರು ಐದು ಸಲ ಮಾತ್ರ. ಇಂಡಿಪೆಂಡೆಂಟ್, ಅಂದ್ರೆ ಒಂದಕ್ಕೊಂದು ಸಂಬಂಧ ಇಲ್ಲ, ಅನ್ನೋ ಮಾತೇ ಇಲ್ಲ. ಆರ್‌ನಲ್ಲಿ ಸುಮ್ನೆ ರನ್ ಮಾಡಿದ್ರೆ 91.6 ಬರುತ್ತೆ, ಗಾಬರಿ ಬೇಡ, ಎರಡು-ಎರಡರ ಟೇಬಲ್‌ಗೆ ಅದು ತಾನೇ ಯೇಟ್ಸ್ ಕರೆಕ್ಷನ್ (ಪ್ರತಿ ವ್ಯತ್ಯಾಸದಿಂದ 0.5 ಕಳೆಯೋ ತಿದ್ದುಪಡಿ) ಹಾಕುತ್ತೆ, ಆಫ್ ಮಾಡಿದ್ರೆ 92.2 ಬರುತ್ತೆ. ಎಕ್ಸೆಲ್‌ನಲ್ಲಾದ್ರೆ ಎಕ್ಸ್‌ಪೆಕ್ಟೆಡ್ ಟೇಬಲ್ ನೀವೇ ಮಾಡಿ ಕೊಡ್ಬೇಕು, ಅದು ಪಿ-ವ್ಯಾಲ್ಯೂ (ಸಂಬಂಧ ಇಲ್ದಿದ್ರೂ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಬರೋ ಸಾಧ್ಯತೆ) ಮಾತ್ರ ವಾಪಸ್ ಕೊಡೋದು.

92 ದೊಡ್ಡ ನಂಬರ್ ಅಂತ ಸಂಬಂಧಾನೂ ಅಷ್ಟೇ ಗಟ್ಟಿ ಅಂದ್ಕೋಬಾರ್ದು. 92.2ನ್ನ 4526ರಿಂದ ಭಾಗಿಸಿ ವರ್ಗಮೂಲ ತೆಗೆದ್ರೆ ಕ್ರೇಮರ್ಸ್ ವಿ (ಸಂಬಂಧ ಎಷ್ಟು ಗಟ್ಟಿ ಅಂತ 0 ಇಂದ 1ರೊಳಗೆ ಹೇಳೋ ಅಳತೆ) ಸಿಗುತ್ತೆ, ಇಲ್ಲಿ ಬರೀ 0.14. ಜನ ಜಾಸ್ತಿ ಇದ್ದಷ್ಟು ಕೈ-ಸ್ಕ್ವೇರ್ ಉಬ್ಬುತ್ತೆ, ಹಾಗಾಗಿ ನಾನು ಎರಡನ್ನೂ ಪಕ್ಕಪಕ್ಕದಲ್ಲೇ ಬರೀತೀನಿ.

ಇಷ್ಟಕ್ಕೇ ನಿಲ್ಸಿದ್ರೆ ಹುಡುಗೀರಿಗೆ ಪ್ರತಿ ಡಿಪಾರ್ಟ್‌ಮೆಂಟಲ್ಲೂ ಅನ್ಯಾಯ ಆಗಿದೆ ಅಂತಲೇ ಬರೀಬೇಕಾಗುತ್ತೆ. ಆದ್ರೆ ಡಿಪಾರ್ಟ್‌ಮೆಂಟ್ ಬೇರೆ ಬೇರೆ ಮಾಡಿ ಅದೇ ಟೆಸ್ಟ್ ಹಾಕಿದೆ ನೋಡಿ, ಡೇಟಾದಲ್ಲಿ ಆರಕ್ಕೂ ಎ ಇಂದ ಎಫ್ ಅಂತ ಹೆಸರು, ಅದ್ರಲ್ಲಿ ಬಿ ಇಂದ ಎಫ್ ವರೆಗೆ ಯಾವುದೂ 3.84 ದಾಟಲಿಲ್ಲ. ದಾಟಿದ್ದು ಎ ಒಂದೇ, 17.2, ಅದೂ ಉಲ್ಟಾ: ಹುಡುಗೀರು 108ರಲ್ಲಿ 89, ಹುಡುಗರು 825ರಲ್ಲಿ 512. ಸೀಟ್ ಸಲೀಸಾಗಿ ಸಿಗೋ ಎ, ಬಿ ಎರಡಕ್ಕೂ ಸೇರಿ ಅರ್ಜಿ ಹಾಕಿದ ಹುಡುಗೀರು ಬರೀ 133. ಹೆಚ್ಚಿನವರು ಹೋಗಿದ್ದು ಸೀಟ್ ಕಷ್ಟ ಇದ್ದ ಕಡೆ, ಎಫ್‌ನಲ್ಲಂತೂ ಯಾರೇ ಹಾಕ್ಲಿ ನೂರಕ್ಕೆ ಆರೋ ಏಳೋ ಜನಕ್ಕಷ್ಟೇ. ಸಿಂಪ್ಸನ್ಸ್ ಪ್ಯಾರಡಾಕ್ಸ್ ಅನ್ನೋದು ಇದನ್ನೇ. ಒಟ್ಟು ಟೇಬಲ್‌ನ 92.2 ಲೆಕ್ಕ ಸರಿನೇ, ಸಂಬಂಧ ಇದೆ ಅಂತ ಅದು ಹೇಳುತ್ತೆ, ಎಲ್ಲಿಂದ ಬಂತು ಅಂತ ಹೇಳಲ್ಲ. ಹುಡುಗೀರು ಆ ಡಿಪಾರ್ಟ್‌ಮೆಂಟ್‌ಗಳಿಗೇ ಯಾಕೆ ಹೋದ್ರು ಅನ್ನೋದೂ ದೊಡ್ಡ ಪ್ರಶ್ನೆನೇ, ಈ ಟೇಬಲ್ ಒಳಗೆ ಅದಕ್ಕೆ ಉತ್ತರ ಇಲ್ಲ.

ಈಗ ಡಿಪಾರ್ಟ್‌ಮೆಂಟ್ ಥರದ ಮೂರನೇ ವೇರಿಯಬಲ್ ಕೈಯಲ್ಲಿದ್ರೆ ಕೈ-ಸ್ಕ್ವೇರ್ ಜೊತೆಗೆ ಮ್ಯಾಂಟಲ್-ಹೆನ್ಸೆಲ್ ಟೆಸ್ಟನ್ನೂ (ಗುಂಪು ಗುಂಪಾಗಿ ನೋಡಿ ಒಟ್ಟಿಗೆ ಒಂದು ತೀರ್ಮಾನ ಕೊಡೋ ಟೆಸ್ಟ್) ಹಾಕ್ತೀನಿ. ಬರ್ಕ್ಲಿ ಡೇಟಾಗೆ ಡಿಪಾರ್ಟ್‌ಮೆಂಟ್ ಲೆಕ್ಕಕ್ಕೆ ತಗೊಂಡು ಅದನ್ನ ಹಾಕಿದ್ರೆ ಸಂಬಂಧಕ್ಕೆ ಆಧಾರ ಸಿಗಲ್ಲ. ಆದ್ರೆ ಆ ಟೆಸ್ಟು ಎಲ್ಲಾ ಡಿಪಾರ್ಟ್‌ಮೆಂಟಲ್ಲೂ ಆಡ್ಸ್ ರೇಷಿಯೋ (ಸೀಟ್ ಸಿಕ್ಕವರು ಭಾಗಿಸು ಸಿಗದವರು, ಹುಡುಗರದ್ದನ್ನ ಹುಡುಗೀರದ್ದಕ್ಕೆ ಹೋಲಿಸಿದ ಅನುಪಾತ) ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ ಅಂತ ನಂಬ್ಕೊಂಡು ಹೋಗುತ್ತೆ, ಎ ಹಾಗಿಲ್ಲ, ಅದಕ್ಕೇ ಎ ಬಗ್ಗೆ ಬೇರೆ ಬರೆದು ಉಳಿದ ಐದನ್ನ ಒಟ್ಟಿಗೆ ಇಡ್ತೀನಿ.