ಇಸಿಜಿಯಲ್ಲಿ ತಾಳ ತಪ್ಪಿದ ಬಡಿತ ಹಿಡಿಯುವುದು: ಶೇ 99 ಬಂದರೆ ಮೊದಲು ಅನುಮಾನಿಸಿ

ತಾಳ ತಪ್ಪಿದ ಬಡಿತಗಳನ್ನು (ಅರಿತ್ಮಿಯಾ) ಗುರುತಿಸುವ ಮಾಡೆಲ್‌ಗಳನ್ನು ಪರೀಕ್ಷಿಸಲು ಬಳಸುವ ಇಸಿಜಿ ಸಂಗ್ರಹವಾದ ಎಂಐಟಿ-ಬಿಐಎಚ್ ಅರಿತ್ಮಿಯಾ ಡೇಟಾಬೇಸಿನ ಮೇಲೆ ನಿಮ್ಮ ಮಾಡೆಲ್ ಶೇ 99 ನಿಖರತೆ ತೋರಿಸಿದರೆ, ಹಿಗ್ಗುವ ಮುಂಚೆ ಡೇಟಾ ಹಂಚಿದ ರೀತಿ ನೋಡಿ. ಒಬ್ಬರದೇ ಬಡಿತಗಳು ತರಬೇತಿಯಲ್ಲೂ ಪರೀಕ್ಷೆಯಲ್ಲೂ ಇದ್ದರೆ ಮಾಡೆಲ್ ಗುರುತು ಹಿಡಿಯುವುದು ರೋಗಿಯನ್ನು, ರೋಗವನ್ನಲ್ಲ.

ಅರ್ಧ ಗಂಟೆಯ 48 ರೆಕಾರ್ಡ್‌ಗಳಿವೆ, ಸೆಕೆಂಡಿಗೆ 360 ಸ್ಯಾಂಪಲ್. ಪೇಸ್‌ಮೇಕರ್ ಇರುವ 102, 104, 107, 217 ಕೈಬಿಡಿ. ಉಳಿದ 44ನ್ನು ರೋಗಿವಾರು 22–22 ಹಂಚುವುದು ವಾಡಿಕೆ. ಆದರೆ 201, 202 ಒಬ್ಬರದೇ ರೆಕಾರ್ಡ್. ಎಲ್ಲರೂ ಬಳಸುವ ಹಂಚಿಕೆಯಲ್ಲಿ ಅವು ಆಚೆ ಒಂದು, ಈಚೆ ಒಂದು ಬಿದ್ದಿವೆ! ಇನ್ನು 114ರಲ್ಲಿ ಲೀಡ್‌ಗಳ (ಬೇರೆಬೇರೆ ಕೋನದಿಂದ ದಾಖಲಿಸಿದ ಇಸಿಜಿ ಚಾನೆಲ್‌ಗಳ) ಕ್ರಮ ಅದಲುಬದಲಾಗಿದೆ. ಹಾಗಾಗಿ ಚಾನೆಲನ್ನು ಸಂಖ್ಯೆಯಿಂದಲ್ಲ, ಹೆಸರಿನಿಂದ ಆರಿಸಿ.

ಆರ್ ಶಿಖರ (ಪ್ರತಿ ಬಡಿತದ ಚೂಪು ತುದಿ) ಹುಡುಕಲು 1985ರ ಪ್ಯಾನ್-ಟಾಂಪ್ಕಿನ್ಸ್ ವಿಧಾನ ಈಗಲೂ ಸಾಕು: 5–15 ಹರ್ಟ್ಸ್ ಫಿಲ್ಟರ್, ಇಳಿಜಾರು, ವರ್ಗ (ಸ್ಕ್ವೇರ್), 150 ಮಿಲಿಸೆಕೆಂಡಿನ (54 ಸ್ಯಾಂಪಲ್) ಚಲಿಸುವ ಸರಾಸರಿ. ಒಂದು ಶಿಖರ ಸಿಕ್ಕ ಮೇಲೆ 200 ಮಿಲಿಸೆಕೆಂಡ್ ಮತ್ತೊಂದನ್ನು ಒಪ್ಪಬೇಡಿ. 360 ಮಿಲಿಸೆಕೆಂಡಿನೊಳಗೆ ಬಂದದ್ದರ ಇಳಿಜಾರು ಹಿಂದಿನದರ ಅರ್ಧಕ್ಕಿಂತ ಕಡಿಮೆಯಿದ್ದರೆ ಅದು ಹೊಸ ಬಡಿತವಲ್ಲ, ಅದೇ ಬಡಿತದ ಕೊನೆಯ ಟಿ ಅಲೆ. ಈ ಫಿಲ್ಟರ್ ಶಿಖರ ಹುಡುಕಲಿಕ್ಕೆ ಮಾತ್ರ. ಇದೇ ಸಿಗ್ನಲನ್ನು ವರ್ಗೀಕರಣಕ್ಕೆ ಕೊಟ್ಟರೆ ಪಿ ಅಲೆ (ಬಡಿತದ ಆರಂಭದ ಸಣ್ಣ ಅಲೆ) ಕರಗಿಹೋಗಿರುತ್ತದೆ. ಅದಕ್ಕೆ ಮೂಲ ಸಿಗ್ನಲ್ ತೆಗೆದುಕೊಂಡು 200, ಆಮೇಲೆ 600 ಮಿಲಿಸೆಕೆಂಡಿನ ಮೀಡಿಯನ್ ಫಿಲ್ಟರ್ ಹಾಕಿ; ಬಂದ ಅಡಿರೇಖೆಯನ್ನು ಮೂಲದಿಂದ ಕಳೆಯಿರಿ. ಕರೆಂಟಿನ ಗದ್ದಲ ತೆಗೆಯುವ ನಾಚ್ ಫಿಲ್ಟರ್ ಬೇಕಿದ್ದರೆ 60 ಹರ್ಟ್ಸ್‌ಗೆ ಇಡಿ, ಇದು ಬಾಸ್ಟನ್ನಿನ ಡೇಟಾ. ನಮ್ಮ ಕರೆಂಟಿನ 50 ಇಲ್ಲಿ ಕೆಲಸಕ್ಕೆ ಬಾರದು.

ಬಡಿತಗಳ ವರ್ಗಗಳು ಐದು: ಎನ್ (ಸಾಮಾನ್ಯ), ಎಸ್ (ಹೃತ್ಕುಕ್ಷಿಗಿಂತ ಮೇಲಿನಿಂದ ಅಕಾಲದಲ್ಲಿ ಹೊರಟದ್ದು), ವಿ (ಹೃತ್ಕುಕ್ಷಿಯಿಂದ ಹೊರಟದ್ದು), ಎಫ್ (ಎನ್, ವಿ ಬೆರೆತದ್ದು), ಕ್ಯೂ (ಗುರುತು ಸಿಗದ್ದು ಇತ್ಯಾದಿ). ವಿ ಸಾಮಾನ್ಯವಾಗಿ ಅಗಲದಿಂದಲೇ ಸಿಕ್ಕಿಬೀಳುತ್ತದೆ. ಆದರೆ ಬಂಡಲ್ ಬ್ರಾಂಚ್ ಬ್ಲಾಕ್‌ನ (ಹೃದಯದೊಳಗಿನ ವಿದ್ಯುತ್ ಹಾದಿಯ ಒಂದು ಕವಲಿನ ತಡೆ) ಅಗಲ ಬಡಿತಗಳು ಎನ್‌ನಲ್ಲಿವೆ, ಅಗಲವನ್ನೊಂದೇ ನಂಬಬೇಡಿ. ಕಾಡುವುದು ಎಸ್. ಹೃತ್ಕರ್ಣದಿಂದ ಬೇಗ ಹೊರಟ ಬಡಿತ ನೋಡಲು ಎನ್‌ನಂತೆಯೇ ಇರುತ್ತದೆ. ಬಿಟ್ಟುಕೊಡುವುದು ಅದು ಬಂದ ಹೊತ್ತು. ಹಿಂದಿನ ಆರ್-ಆರ್ ಅಂತರ, ಮುಂದಿನದು, ಇತ್ತೀಚಿನ ಹತ್ತು ಬಡಿತಗಳ ಸರಾಸರಿಗೆ ಹಿಂದಿನದರ ಅನುಪಾತ, ಈ ಮೂರನ್ನೂ ಸೇರಿಸಿ. ಮಿಲಿಸೆಕೆಂಡನ್ನಷ್ಟೇ ಕೊಟ್ಟರೆ ವೇಗವಾಗಿ ಬಡಿಯುವ ಹೃದಯವೆಲ್ಲ ಎಸ್ ಆಗಿ ಕಾಣುತ್ತದೆ.

ಪರೀಕ್ಷಾ ಭಾಗದಲ್ಲಿ ಕಣ್ಣುಮುಚ್ಚಿ ಎಲ್ಲವನ್ನೂ ಎನ್ ಎಂದರೂ ಸುಮಾರು ಶೇ 89 ಸಿಗುತ್ತದೆ. ಆದ್ದರಿಂದ ಎಸ್, ವಿ ಎರಡಕ್ಕೂ ಎಷ್ಟು ಹಿಡಿದಿರಿ, ಹಿಡಿದದ್ದರಲ್ಲಿ ಎಷ್ಟು ಸರಿ ಎಂಬುದನ್ನು ಬೇರೆಬೇರೆ ಬರೆಯಿರಿ. ಪರೀಕ್ಷೆಯ ಎಸ್ ಬಡಿತಗಳಲ್ಲಿ ಮುಕ್ಕಾಲು ಪಾಲು 232ನೇ ರೆಕಾರ್ಡ್ ಒಂದರಲ್ಲೇ ಇದೆ. ಅದನ್ನು ಬಿಟ್ಟೂ ಒಮ್ಮೆ ಅಂಕಿ ತೆಗೆದು ಪಕ್ಕದಲ್ಲಿ ಇಡಿ.