ಅರ್ಧ ದರದ ಹಸಿ ಸಿಂಪಿ: ನಾನು ಹುಡುಕಲು ಕಲಿತ ಬಗೆ

ಹಸಿ ಸಿಂಪಿ, ಅಂದರೆ ಆಯ್ಸ್ಟರ್, ತಿನ್ನುವ ಚಟ ನನಗೆ ಹತ್ತಿ ಹನ್ನೆರಡು ವರ್ಷಗಳಾದವು. ದುಬಾರಿಯಾದದ್ದು ತಾಜಾ, ಅಗ್ಗದ್ದು ಹಳತು ಎಂಬ ನಂಬಿಕೆಯಲ್ಲಿ ಮೊದಲ ಎರಡು ವರ್ಷ ಬಿಳಿ ಮೇಜುಬಟ್ಟೆ ಹಾಸಿದ ರೆಸ್ಟೋರೆಂಟುಗಳಿಗೇ ಹೋಗಿ, ಆರು ಸಿಂಪಿಗೆ ಇಡೀ ಊಟದ ಹಣ ತೆತ್ತು, ಅರೆಹೊಟ್ಟೆಯಲ್ಲಿ ಎದ್ದು ಬರುತ್ತಿದ್ದೆ. ಆ ನಂಬಿಕೆ ಕಳಚಿದ್ದು ಒಂದೇ ವಾರದಲ್ಲಿ, ಎರಡು ಕಡೆ, ಒಂದೇ ಕೊಲ್ಲಿಯ ಒಂದೇ ಹೆಸರಿನ ಸಿಂಪಿ ತಿಂದಾಗ. ದುಬಾರಿ ಜಾಗದ ತಟ್ಟೆಯಲ್ಲಿ ಮಾಂಸ ಚಿಪ್ಪಿಗೆ ಅಂಟಿಕೊಂಡು ಒಣಗಿತ್ತು. ಅದರ ಮೂರನೆಯ ಒಂದು ಭಾಗದ ದರಕ್ಕೆ, ಸಂಜೆ ಐದು ಗಂಟೆಗೆ, ಜನ ಕಿಕ್ಕಿರಿದಿದ್ದ ಒಂದು ಬಾರಿನಲ್ಲಿ ಕೊಟ್ಟ ಸಿಂಪಿ ತನ್ನದೇ ಉಪ್ಪುನೀರಿನಲ್ಲಿ ತೇಲುತ್ತಿತ್ತು. ಅಂದಿನಿಂದ ಹೊಸ ಜಾಗಕ್ಕೆ ಹೋದಾಗಲೆಲ್ಲ ನಾನು ಮೊದಲು ಅಂದಾಜು ಮಾಡುವುದು, ಇಲ್ಲಿ ದಿನಕ್ಕೆ ಎಷ್ಟು ಸಿಂಪಿ ಖರ್ಚಾಗುತ್ತದೆ ಎಂಬುದನ್ನು.

ಸಿಂಪಿಯು ಚಿಪ್ಪು ಬಿಡಿಸುವ ಕ್ಷಣದವರೆಗೂ ಜೀವಂತವಾಗಿರಬೇಕಾದ ಪ್ರಾಣಿ. ನೀರಿನಿಂದ ತೆಗೆದ ಮೇಲೆ ಅದು ಚಿಪ್ಪನ್ನು ಬಿಗಿಯಾಗಿ ಮುಚ್ಚಿಕೊಂಡು, ಒಳಗೆ ಹಿಡಿದಿಟ್ಟ ಕಡಲನೀರನ್ನು ನೆಚ್ಚಿಕೊಂಡು, ಸರಿಯಾದ ತಂಪಿನಲ್ಲಿ ಒಂದು ವಾರ, ಕೆಲವೊಮ್ಮೆ ಎರಡು ವಾರವೂ ಬದುಕುತ್ತದೆ. ಆದರೆ ಬದುಕಿರುವುದೇ ಬೇರೆ, ರುಚಿಯಾಗಿರುವುದೇ ಬೇರೆ. ದಿನ ಕಳೆದಂತೆ ನೀರು ಸೋರುತ್ತದೆ, ಮೈ ಬಡವಾಗುತ್ತದೆ, ಸಿಹಿ ಇಳಿಯುತ್ತದೆ. ದಿನಕ್ಕೆ ಹತ್ತು ತಟ್ಟೆ ಮಾರುವ ಕಡೆ ಒಂದು ಚೀಲ ನಾಲ್ಕೈದು ದಿನ ಕುಳಿತಿರುತ್ತದೆ. ದಿನಕ್ಕೆ ಹತ್ತು ಚೀಲ ಬಿಡಿಸುವ ಕಡೆ ನಿನ್ನೆಯದು ಇಂದಿಗೆ ಉಳಿಯುವುದಿಲ್ಲ. ಬೆಲೆಪಟ್ಟಿಯ ಅಂಕಿ ಇದನ್ನು ಹೇಳುವುದಿಲ್ಲ, ಏಕೆಂದರೆ ರೆಸ್ಟೋರೆಂಟಿನ ದರದಲ್ಲಿ ಸಿಂಪಿಯ ಪಾಲಿಗಿಂತ ಬಾಡಿಗೆ, ಬಿಡಿಸುವವನ ಕೂಲಿ ಮತ್ತು ಮೇಜಿನ ಸೇವೆಯ ಪಾಲು ದೊಡ್ಡದಿರುತ್ತದೆ.

ಹಾಗಾದರೆ ಕೆಲವು ಕಡೆ ಅರ್ಧ ದರಕ್ಕೆ ಹೇಗೆ ಕೊಡುತ್ತಾರೆ? ಹ್ಯಾಪಿ ಅವರ್ ಎಂದು ಕರೆಯುವ ಸಂಜೆಯ ಮೊದಲ ಎರಡು ಗಂಟೆಗಳಲ್ಲಿ ಸಿಂಪಿಯಲ್ಲಿ ಲಾಭ ಬಿಟ್ಟು ಪಾನೀಯದಲ್ಲಿ ಗಳಿಸುವುದು ಈ ವ್ಯಾಪಾರದ ಹಳೆಯ ಲೆಕ್ಕ. ಖಾಲಿ ಕುರ್ಚಿಗಳು ತುಂಬುತ್ತವೆ, ಸಂಗ್ರಹ ಬೇಗ ಕರಗುತ್ತದೆ, ರಾತ್ರಿಯ ಗಿರಾಕಿಗೆ ಹೊಸ ಚೀಲ ಒಡೆಯಲು ಅವಕಾಶವಾಗುತ್ತದೆ. ಇಂಥ ಅಗ್ಗ ನನಗೆ ಒಪ್ಪಿಗೆ. ವಾರದಲ್ಲಿ ಯಾವುದೋ ಒಂದು ದಿನ, ಮುನ್ಸೂಚನೆಯಿಲ್ಲದೆ, ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ರಿಯಾಯಿತಿ ಬೇರೆ ಜಾತಿಯದು. ಅದು ಸಾಮಾನ್ಯವಾಗಿ ಉಳಿದ ಮಾಲಿನ ವಿಲೇವಾರಿ. ಪ್ರತಿದಿನ ಅದೇ ಹೊತ್ತಿಗೆ ಇರುವ ಕಡಿಮೆ ದರವನ್ನು ನಾನು ನಂಬುತ್ತೇನೆ, ಇದ್ದಕ್ಕಿದ್ದಂತೆ ಇಳಿದ ದರವನ್ನು ನಂಬುವುದಿಲ್ಲ. ಮೀನಿನ ಸಗಟು ವ್ಯಾಪಾರಿಗಳು ಅಂಗಡಿಯ ಮುಂಭಾಗದಲ್ಲಿ ನಾಲ್ಕು ಎತ್ತರದ ಸ್ಟೂಲು ಹಾಕಿ ನಡೆಸುವ ಕೌಂಟರುಗಳೂ ನನಗೆ ಬಹಳ ಒದಗಿವೆ. ಅಲ್ಲಿ ಕರವಸ್ತ್ರ ಕಾಗದದ್ದು, ತಟ್ಟೆ ಪ್ಲಾಸ್ಟಿಕ್ಕಿನದು, ಸಿಂಪಿ ಮಾತ್ರ ಆ ದಿನವೇ ಇಳಿದದ್ದು.

ಒಂದು ಸಲ ಸರಿಯಾಗಿ ಪೆಟ್ಟು ತಿಂದೆ. ಹೆಚ್ಚು ಜನರಿಲ್ಲದ ಒಂದು ರೆಸ್ಟೋರೆಂಟಿನಲ್ಲಿ ಎರಡು ಡಜನ್‌ಗೆ ಒಂದು ಡಜನ್ನಿನ ದರ ಎಂದರು. ತಟ್ಟೆ ಬಂದಾಗ ಪ್ರತಿ ಚಿಪ್ಪಿನಲ್ಲೂ ನೀರು ತುಂಬಿತ್ತು, ಸಂತೋಷಪಟ್ಟೆ. ಬಾಯಿಗಿಟ್ಟರೆ ಉಪ್ಪೇ ಇಲ್ಲ. ಒಣಗಿದ ಸಿಂಪಿಯನ್ನು ನಲ್ಲಿನೀರಿನಲ್ಲಿ ತೊಳೆದು ಕೊಟ್ಟಿದ್ದರು ಎಂಬುದು ಹೊಳೆಯುವಷ್ಟರಲ್ಲಿ ಹದಿನಾರು ತಿಂದು ಮುಗಿಸಿದ್ದೆ. ಮರುದಿನ ರಾತ್ರಿ ಆರಂಭವಾದ ವಾಂತಿ ಎರಡು ದಿನ ಬಿಡಲಿಲ್ಲ. ಹಳೆಯ ಮಾಲೇ ಇದಕ್ಕೆ ಕಾರಣವೆಂದು ನಾನು ಬಹುಕಾಲ ಹೇಳಿಕೊಂಡು ತಿರುಗಿದೆ. ನಂತರ ಓದಿ ತಿಳಿದದ್ದು ಬೇರೆಯೇ. ನನಗೆ ಆದ ಬಗೆಯ ಕಾಯಿಲೆಗೆ ಹೆಚ್ಚಾಗಿ ಕಾರಣವಾಗುವುದು ನೊರೊವೈರಸ್. ಅದು ಸಿಂಪಿ ಬೆಳೆದ ನೀರಿಗೆ ಚರಂಡಿಯ ಕೊಳಚೆ ಸೇರಿದಾಗ ಒಳಹೊಕ್ಕು ಕೂರುತ್ತದೆ. ದೊಡ್ಡ ಸಿಂಪಿಯೊಂದು ದಿನಕ್ಕೆ 190 ಲೀಟರಿನವರೆಗೂ ನೀರನ್ನು ಸೋಸಬಲ್ಲದು, ಆ ನೀರಿನಲ್ಲಿದ್ದ ವೈರಸ್ಸೂ ಅದರ ಹೊಟ್ಟೆಯಲ್ಲಿ ಸೇರುತ್ತ ಹೋಗುತ್ತದೆ. ಇಂದು ಬೆಳಿಗ್ಗೆ ತೆಗೆದ, ಹೊಳೆಯುವ, ಘಮಘಮಿಸುವ ಸಿಂಪಿಯಲ್ಲೂ ಆ ವೈರಸ್ ಇರಬಹುದು. ತಾಜಾತನವನ್ನು ಕಣ್ಣು ಮೂಗು ಹೇಳುತ್ತವೆ. ಶುದ್ಧತೆಯನ್ನು ಹೇಳಬೇಕಾದದ್ದು ಅದು ಬೆಳೆದ ನೀರಿನ ದಾಖಲೆ.

ಆದ್ದರಿಂದ ಈಗ ಟ್ಯಾಗ್ ಕೇಳುತ್ತೇನೆ. ಚೀಲಕ್ಕೆ ಕಟ್ಟಿಬರುವ ಆ ಚೀಟಿಯಲ್ಲಿ ತೆಗೆದವರ ಗುರುತು, ತೆಗೆದ ಜಾಗ ಮತ್ತು ತೆಗೆದ ದಿನಾಂಕ ಇರುತ್ತವೆ. ಅಮೆರಿಕದಲ್ಲಿ ಚೀಲ ಖಾಲಿಯಾದ ಮೇಲೂ ಅದನ್ನು 90 ದಿನ ಕಾಪಾಡಿಡಬೇಕೆಂಬ ನಿಯಮವಿದೆ. ಯುರೋಪಿನಲ್ಲಿ ಸಿಂಪಿ ಬೆಳೆಯುವ ನೀರನ್ನೇ ಎ, ಬಿ, ಸಿ ಎಂದು ವರ್ಗೀಕರಿಸುತ್ತಾರೆ. ಎ ವರ್ಗದ್ದನ್ನು ನೇರವಾಗಿ ಮಾರಬಹುದು, ಬಿ ವರ್ಗದ್ದನ್ನು ಶುದ್ಧ ಕಡಲನೀರಿನ ತೊಟ್ಟಿಯಲ್ಲಿಟ್ಟು ಒಳಗಿನ ಕಲ್ಮಶ ಕಾರಿಸಿದ ಮೇಲೆ ಮಾರಬೇಕು. ಈ ತೊಟ್ಟಿಯ ವಾಸ ಬ್ಯಾಕ್ಟೀರಿಯಾವನ್ನು ಚೆನ್ನಾಗಿ ಇಳಿಸುತ್ತದೆ, ನೊರೊವೈರಸ್ಸನ್ನು ಅಷ್ಟಾಗಿ ಇಳಿಸುವುದಿಲ್ಲ. ಟ್ಯಾಗ್ ಕೇಳಲು ಮೊದಮೊದಲು ಸಂಕೋಚವಾಗುತ್ತಿತ್ತು. ಆದರೆ ಒಳ್ಳೆಯ ಜಾಗದಲ್ಲಿ ಯಾರೂ ಮುಖ ಸಿಂಡರಿಸಿದ್ದಿಲ್ಲ. ಕೆಲವರು ಕೌಂಟರಿನ ಹಿಂದೆ ಮೊಳೆಗೆ ಸಿಕ್ಕಿಸಿದ ಚೀಟಿಗಳ ಕಟ್ಟನ್ನೇ ಹೆಮ್ಮೆಯಿಂದ ತಂದು ತೋರಿಸಿದ್ದಾರೆ. ‘ಮ್ಯಾನೇಜರನ್ನು ಕೇಳಿ ಬರುತ್ತೇನೆ’ ಎಂದು ಹೋದವರು ಹಿಂತಿರುಗದೇ ಇದ್ದಾಗ ನಾನು ಸೂಪು ಕುಡಿದು ಎದ್ದಿದ್ದೇನೆ.

ಮೇಜು ಸಿಕ್ಕರೂ ನಾನು ಕೂರುವುದು ಕೌಂಟರಿನಲ್ಲಿ, ಚಿಪ್ಪು ಬಿಡಿಸುವವನ ಎದುರಿಗೆ. ನಾನು ಹೆಚ್ಚು ಹೋಗುವ ಕಡೆಯ ಮನುಷ್ಯ ಕೆಲಸ ಮಾಡುವುದನ್ನು ನೋಡುವುದೇ ಒಂದು ಪಾಠ. ಸಿಂಪಿಯನ್ನು ಕೈಗೆತ್ತಿಕೊಂಡವನೇ ಇನ್ನೊಂದಕ್ಕೆ ಮೆಲ್ಲಗೆ ತಟ್ಟುತ್ತಾನೆ. ನೀರು ತುಂಬಿದ ಜೀವಂತ ಸಿಂಪಿ ಕಲ್ಲಿನಂತೆ ಗಟ್ಟಿ ಸದ್ದು ಮಾಡುತ್ತದೆ. ಸತ್ತದ್ದು ಟೊಳ್ಳು ಗೆರಟೆಯಂತೆ ಸದ್ದು ಮಾಡುತ್ತದೆ, ಅದು ನೇರ ಬುಟ್ಟಿಗೆ. ಆಮೇಲೆ ಗುಳಿಯಿರುವ ಚಿಪ್ಪನ್ನು ಕೆಳಮಾಡಿ ಹಿಡಿದು, ಮೊಂಡು ಚೂರಿಯ ತುದಿಯನ್ನು ಎರಡು ಚಿಪ್ಪು ಸೇರುವ ಕೀಲಿಗೆ ಒತ್ತಿ, ಬಲ ಹಾಕದೆ ಕೀಲಿಕೈ ತಿರುಗಿಸಿದಂತೆ ಮಣಿಕಟ್ಟನ್ನು ತಿರುಗಿಸುತ್ತಾನೆ. ಟಕ್ ಎಂದೊಡನೆ ಚೂರಿಯನ್ನು ಒರಸಿಕೊಳ್ಳುತ್ತಾನೆ. ಕೀಲಿನ ಕೆಸರು ಒಳಗೆ ಹೋಗಬಾರದು. ಮೇಲಿನ ಚಿಪ್ಪಿನ ಒಳಮೈಗೆ ಸವರಿದಂತೆ ಚೂರಿ ಓಡಿಸಿ ಸ್ನಾಯುವನ್ನು ಕತ್ತರಿಸಿ, ಮುಚ್ಚಳ ತೆಗೆದು, ಒಂದು ಕ್ಷಣ ಮೂಗಿನ ಬಳಿ ತಂದು, ಕೆಳಗಿನ ಸ್ನಾಯುವನ್ನೂ ಬಿಡಿಸಿ ಮಂಜುಗಡ್ಡೆಯ ಮೇಲೆ ಸಮತಟ್ಟಾಗಿ ಇಡುತ್ತಾನೆ. ಇಷ್ಟಕ್ಕೆ ಹನ್ನೆರಡು ಹದಿನೈದು ಸೆಕೆಂಡು. ಸಿಂಪಿಯ ಹೊಟ್ಟೆ ಒಡೆದಿರುವುದಿಲ್ಲ, ಅಂಚಿನ ಕಪ್ಪು ನೆರಿಗೆ ಹರಿದಿರುವುದಿಲ್ಲ, ಚಿಪ್ಪಿನ ಚೂರು ಹಲ್ಲಿಗೆ ಸಿಗುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಮಧ್ಯಾಹ್ನವೇ ಬಿಡಿಸಿ ಫ್ರಿಜ್ಜಿನಲ್ಲಿ ಜೋಡಿಸಿಟ್ಟ ತಟ್ಟೆಗಳು ಹೊರಬರುವುದು ಕಂಡರೆ ದರ ಎಷ್ಟೇ ಇರಲಿ ನಾನು ಆರ್ಡರ್ ಮಾಡುವುದಿಲ್ಲ. ಬಿಡಿಸದ ಸಿಂಪಿಗಳನ್ನು ಕರಗಿದ ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಿಟ್ಟಿದ್ದರೂ ಅಷ್ಟೇ. ಸಿಹಿನೀರಿನಲ್ಲಿ ಅವು ಸಾಯುತ್ತವೆ.

ಹೆಸರುಗಳಿಗೆ ಮರುಳಾಗದಿರುವುದರಿಂದ ನನ್ನ ಹಣ ಬಹಳ ಉಳಿದಿದೆ. ಉತ್ತರ ಅಮೆರಿಕದ ಪಟ್ಟಿಗಳಲ್ಲಿ ನೂರಾರು ಹೆಸರುಗಳಿದ್ದರೂ ವ್ಯಾಪಾರಕ್ಕೆ ಬೆಳೆಯುವ ಪ್ರಭೇದಗಳು ಐದೇ: ಅಟ್ಲಾಂಟಿಕ್, ಪೆಸಿಫಿಕ್, ಕುಮಾಮೊಟೊ, ಒಲಿಂಪಿಯಾ ಮತ್ತು ಯುರೋಪಿನ ಚಪ್ಪಟೆ ಸಿಂಪಿ. ಉಳಿದದ್ದೆಲ್ಲ ಕೊಲ್ಲಿಯ ಹೆಸರು ಅಥವಾ ಬೆಳೆಗಾರನ ಕಲ್ಪನೆ. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡಿನ ಬ್ಲೂ ಪಾಯಿಂಟ್ ಊರಿನಿಂದ ಬಂದ ಹೆಸರನ್ನು ಈಗ ನೆರೆಯ ಕನೆಕ್ಟಿಕಟ್ ರಾಜ್ಯದ ಕಡೆಯ ಸಿಂಪಿಗಳಿಗೂ ಇಡುತ್ತಾರೆ. ಬೆಳೆದ ನೀರಿನಿಂದ ರುಚಿ ಬದಲಾಗುತ್ತದೆ ಎಂಬುದು ನಿಜ, ಆ ವ್ಯತ್ಯಾಸವನ್ನು ನಾನೂ ಆಸ್ವಾದಿಸುತ್ತೇನೆ. ಆದರೆ ಹೆಸರಿನ ಬೆಡಗಿಗೆ ತೆರುವ ಹೆಚ್ಚಿನ ದರ ನಾಲಗೆಗೆ ತಲುಪುವುದು ಅಪರೂಪ. ಕುಮಾಮೊಟೊ ದುಬಾರಿಯಾಗಿರುವುದಕ್ಕೆ ಕಾರಣವಿದೆ. ಅಷ್ಟು ಚಿಕ್ಕದಾಗಿ ಬೆಳೆಯಲೂ ಅದಕ್ಕೆ ಮೂರು ವರ್ಷದಷ್ಟು ಬೇಕು. ಗಾತ್ರದ ಬಗ್ಗೆಯೂ ಎಚ್ಚರ ಬೇಕು. ಫ್ರಾನ್ಸಿನಲ್ಲಿ ಸಂಖ್ಯೆ ಏರಿದಂತೆ ಗಾತ್ರ ಇಳಿಯುತ್ತದೆ: 3ನೆಯ ನಂಬರಿನದು 66ರಿಂದ 85 ಗ್ರಾಂ, 5ನೆಯದು 30ರಿಂದ 45 ಗ್ರಾಂ. ಇದು ತಿಳಿಯದೆ ಒಮ್ಮೆ ಹೆಚ್ಚಿನ ಸಂಖ್ಯೆ ಹೆಚ್ಚಿನ ದರ್ಜೆಯೆಂದು ಭಾವಿಸಿ ಗುಬ್ಬಿಯ ತುತ್ತಿನಷ್ಟನ್ನು ತರಿಸಿಕೊಂಡಿದ್ದೆ.

ಹತ್ತು ಬಗೆ ಸೇರಿಸಿದ ದೊಡ್ಡ ತಟ್ಟೆಯನ್ನೂ ಈಗ ತರಿಸುವುದಿಲ್ಲ. ಯಾವ ಸಿಂಪಿ ಮೊದಲು ಖಾಲಿಯಾಗಬೇಕೆಂದು ಅಡುಗೆಮನೆ ಬಯಸುತ್ತದೆಯೋ ಅದು ಆ ತಟ್ಟೆಯಲ್ಲಿ ಬಂದು ಕೂರುತ್ತದೆ. ‘ಇಂದು ಬಂದದ್ದು ಯಾವುದು?’ ಎಂದು ಬಿಡಿಸುವವನನ್ನೇ ಕೇಳಿ, ಅದರಲ್ಲಿ ಎರಡು ತಿಂದು, ಹಿಡಿಸಿದರೆ ಆರು ತರಿಸುತ್ತೇನೆ.

ಋತುವಿನ ವಿಷಯದಲ್ಲಿ ಇಂಗ್ಲಿಷಿನ ಆರ್ ಅಕ್ಷರವಿರುವ ತಿಂಗಳುಗಳಲ್ಲಿ ಮಾತ್ರ, ಅಂದರೆ ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ, ಸಿಂಪಿ ತಿನ್ನಬೇಕೆಂಬ ಹಳೆಯ ಮಾತು ಉತ್ತರ ಗೋಳಾರ್ಧದ ತಣ್ಣನೆಯ ಕಡಲುಗಳಿಗೆ ಹೊಂದುತ್ತದೆ. ಬೇಸಿಗೆಯಲ್ಲಿ ಸಿಂಪಿ ಸಂತಾನೋತ್ಪತ್ತಿಗೆ ಅಣಿಯಾಗಿ, ಮೈಯೆಲ್ಲ ಹಾಲು ತುಂಬಿದಂತೆ ಮೆತ್ತಗಾಗುತ್ತದೆ. ಚಳಿ ಸಮೀಪಿಸಿದಂತೆ ಗ್ಲೈಕೋಜನ್ ಎಂಬ ಪಿಷ್ಟದಂಥ ಆಹಾರವನ್ನು ಮೈಯಲ್ಲಿ ಕೂಡಿಟ್ಟುಕೊಂಡು ಸಿಹಿಯಾಗಿ ತುಂಬಿಕೊಳ್ಳುತ್ತದೆ. 1980ರ ಆಸುಪಾಸಿನಲ್ಲಿ ಅಮೆರಿಕದ ಮೇನ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾಂಡಿಶ್ ಆಲೆನ್ ಮತ್ತು ಸಂಗಡಿಗರು ವರ್ಣತಂತುಗಳ ಗುಂಪು ಎರಡರ ಬದಲು ಮೂರಿರುವ ಸಿಂಪಿಯನ್ನು ಬೆಳೆಸಿದ ಮೇಲೆ ಈ ಲೆಕ್ಕ ಸ್ವಲ್ಪ ಸಡಿಲವಾಯಿತು. ಆ ತಳಿ ಬಹುಮಟ್ಟಿಗೆ ಬಂಜೆಯಾದ್ದರಿಂದ ಬೇಸಿಗೆಯಲ್ಲೂ ಮೈ ಕಳೆದುಕೊಳ್ಳುವುದಿಲ್ಲ. ಆದರೆ ತಳಿ ಬದಲಾದ ಮಾತ್ರಕ್ಕೆ ಬೆಚ್ಚನೆಯ ನೀರಿನಲ್ಲಿ ಹೆಚ್ಚುವ ವಿಬ್ರಿಯೋ ಬ್ಯಾಕ್ಟೀರಿಯಾ ಕಡಿಮೆಯಾಗುವುದಿಲ್ಲ. ಅದು ಇರುವ ಸಿಂಪಿ ನೋಟದಲ್ಲಾಗಲಿ, ವಾಸನೆಯಲ್ಲಾಗಲಿ, ರುಚಿಯಲ್ಲಾಗಲಿ ಬೇರೆಯಾಗಿರುವುದಿಲ್ಲ. ನಿಂಬೆರಸ, ಖಾರದ ಸಾಸ್, ಮದ್ಯ ಯಾವುದೂ ಅದನ್ನು ಕೊಲ್ಲುವುದಿಲ್ಲ. ವಿಬ್ರಿಯೋ ವಲ್ನಿಫಿಕಸ್ ಎಂಬ ಬಗೆಯ ಸೋಂಕು ತಗುಲಿದವರಲ್ಲಿ ಸುಮಾರು ಐವರಿಗೆ ಒಬ್ಬರು ಸಾಯುತ್ತಾರೆ. ನನ್ನ ಊಟದ ಸಂಗಾತಿಯೊಬ್ಬರಿಗೆ ಯಕೃತ್ತಿನ ಕಾಯಿಲೆಯಿದೆ. ಅಂಥವರಿಗೆ ಈ ಸೋಂಕು ವಿಶೇಷವಾಗಿ ಮಾರಕ. ನಾನು ಹಸಿಯದನ್ನು ತಿನ್ನುವಾಗ ಅವರು ಚೆನ್ನಾಗಿ ಬೆಂದದ್ದನ್ನೇ ತರಿಸಿಕೊಳ್ಳುತ್ತಾರೆ, ಮತ್ತು ನಾನು ಒತ್ತಾಯ ಮಾಡುವುದಿಲ್ಲ.

ಬಿಲ್ಲಿನ ಬಗ್ಗೆ ಒಂದು ಮಾತು. ಅರ್ಧ ದರದ ಡಜನ್ ತಿಂದು ಮೂರು ಲೋಟ ವೈನ್ ಕುಡಿದರೆ ಪೂರ್ತಿ ದರದ ಲೆಕ್ಕಕ್ಕೇ ಬಂದು ನಿಲ್ಲುತ್ತದೆ. ಈ ದರ ಇಟ್ಟವರ ಎಣಿಕೆಯೂ ಅದೇ. ನಾನು ಒಂದು ಲೋಟಕ್ಕೆ ನಿಲ್ಲಿಸಿ, ಬಿಡಿಸಿದವನಿಗೆ ಪೂರ್ತಿ ದರದ ಲೆಕ್ಕದಲ್ಲಿ ಟಿಪ್ಸ್ ಕೊಡುತ್ತೇನೆ, ಏಕೆಂದರೆ ದರ ಅರ್ಧವಾದರೂ ಅವನ ಕೆಲಸ ಅರ್ಧವಾಗಿರುವುದಿಲ್ಲ. ಎರಡನೆಯ ಸಲ ಹೋದಾಗ ಅವನು ನನಗಾಗಿ ಕೆಳಗಿನ ಚೀಲದಿಂದ ಒಳ್ಳೆಯದನ್ನು ಆರಿಸಿ ಕೊಡುವುದನ್ನು ನೋಡಿದ್ದೇನೆ.

ಇಷ್ಟೆಲ್ಲ ಉಪಾಯ ಸಾಗದ ಸಿಂಪಿ ಒಂದಿದೆ. ಯುರೋಪಿನ ಚಪ್ಪಟೆ ಸಿಂಪಿಯನ್ನು 1970ರ ದಶಕದ ಕೊನೆಯಿಂದ ಬೋನಾಮಿಯಾ ಎಂಬ ಪರೋಪಜೀವಿ ಸವೆಸುತ್ತ ಬಂದಿದೆ; ಬೆಳೆ ಕಡಿಮೆ, ಬಾಳಿಕೆಯೂ ಕಡಿಮೆ. ಚಿಪ್ಪನ್ನು ತಾನೇ ಬಿಗಿಯಾಗಿ ಹಿಡಿದಿಟ್ಟುಕೊಳ್ಳಲಾರದ್ದರಿಂದ ಅದನ್ನು ರಬ್ಬರ್ ಪಟ್ಟಿ ಅಥವಾ ದಾರ ಸುತ್ತಿ ಸಾಗಿಸುವುದುಂಟು. ಅಗ್ಗದ ಹೊತ್ತಿನಲ್ಲಿ ಅದು ಪಟ್ಟಿಯಲ್ಲಿರುವುದನ್ನು ನಾನು ಒಮ್ಮೆಯೂ ಕಂಡಿಲ್ಲ. ತಾಮ್ರದ ಬಟ್ಟಲನ್ನು ನೆಕ್ಕಿದಂತಿರುವ ಆ ರುಚಿ ನುಂಗಿದ ಮೇಲೂ ಬಹಳ ಹೊತ್ತು ಗಂಟಲಿನಲ್ಲಿ ಉಳಿಯುತ್ತದೆ. ಚಳಿಗಾಲಕ್ಕೊಮ್ಮೆ, ಟ್ಯಾಗ್ ನೋಡಿಯೇ, ಮೂರನ್ನು ಪೂರ್ತಿ ದರ ಕೊಟ್ಟು ತಿನ್ನುತ್ತೇನೆ.